ಹತ್ತು ರೂಪಾಯಿ ನಾಣ್ಯ ತೆಗೆದುಕೊಳ್ಳಲಾಗುತ್ತದೆ

ನಾನು ಬ್ಯಾಂಕಿನ ಕ್ಯಾಷಿಯರ್. ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದು ಯಾರಾದರೂ ಕೇಳಿದರೆ, ಅದು ದೇವರ ಹೆಸರಲ್ಲ, ಹೆಂಡತಿಯ ಹೆಸರೂ ಅಲ್ಲ. ‘ಚಿಲ್ಲರೆ ಇಲ್ಲ’ ಎಂಬುದೇ ಆ ಮಾತು. ತೆಲುಗಿನವರಿಗೆ ‘ಚಿಲ್ಲರ ಲೇದು’, ಹಿಂದಿಯವರಿಗೆ ‘ಛುಟ್ಟಾ ನೈ’, ನಮ್ಮ ಕಡೆಯವರು ಯಾರಾದರೂ ದಾರಿ ತಪ್ಪಿ ಬಂದರೆ ‘ಚಿಲ್ಲರ ಇಲ್ರೀ’. ಒಂದು ಇಲ್ಲವನ್ನು ಮೂರು ಭಾಷೆಯಲ್ಲಿ ಹೇಳಬಲ್ಲವನೆಂದು ಶಾಖೆಯಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ಶಾಖೆ ಇದ್ದದ್ದು ಹೈದರಾಬಾದಿನ ನಾಚಾರಂನಲ್ಲಿ, ಸಣ್ಣ ಕಾರ್ಖಾನೆಗಳ ನಡುವೆ. ಮನೆ ಮಿಯಾಪುರದಲ್ಲಿ. ದಿನಾ ಬೆಳಿಗ್ಗೆ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಹಬ್ಸಿಗುಡದಲ್ಲಿ ಇಳಿದು, ಅಲ್ಲಿಂದ ಶೇರ್ ಆಟೋದಲ್ಲಿ ಕುಳಿತರೆ ಆಟೋದವನು ಮೊದಲು ಕೇಳುತ್ತಿದ್ದದ್ದು ‘ಛುಟ್ಟಾ ಹೈ?’ ಎಂದು. ನಾನು ಬ್ಯಾಂಕಿನವನೆಂದು ಅವನಿಗೆ ತಿಳಿಯದಿರಲೆಂದು ಐಡಿ ಕಾರ್ಡನ್ನು ಅಂಗಿಯೊಳಗೆ ಸೇರಿಸಿಕೊಳ್ಳುತ್ತಿದ್ದೆ. ಊರಿಗೆಲ್ಲ ದುಡ್ಡು ಹಂಚುವ ಮನುಷ್ಯ ಇಪ್ಪತ್ತು ರೂಪಾಯಿ ಹಾದಿಗೆ ಐನೂರರ ನೋಟು ತೆಗೆದರೆ ಯಾರು ಸುಮ್ಮನಿರುತ್ತಾರೆ?

ಈ ಊರಿನಲ್ಲಿ ಈಗ ಹಾಲಿನವನಿಂದ ಹೂವಿನವಳವರೆಗೆ ಎಲ್ಲರ ಬಳಿಯೂ ಸ್ಕ್ಯಾನ್ ಮಾಡುವ ಚೀಟಿ ಇದೆಯಲ್ಲ, ಇನ್ನೂ ಚಿಲ್ಲರೆಯ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ಮ್ಯಾನೇಜರ್ ಮೇಡಮ್ಮೂ ಹಾಗೇ ಕೇಳುತ್ತಿದ್ದರು. ಮನೆಗೆಲಸದವರು, ವಾಚ್‌ಮನ್‌ಗಳು, ದಿನಗೂಲಿಯವರು, ಮಗ ಕೊಡಿಸಿದ ಫೋನನ್ನು ಟವೆಲಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿರುವ ಹಿರಿಯರು ಇವರೆಲ್ಲ ದೇಶದ ಪ್ರಗತಿಗೆ ಅಡ್ಡ ಬಂದವರು. ಅವರು ಇನ್ನೂ ರೊಕ್ಕವನ್ನು ಕೈಯಿಂದ ಕೈಗೆ ಕೊಡುತ್ತಾರೆ.

ಅಂಥವರನ್ನು ನಂಬಿಕೊಂಡು ನನ್ನ ಹೆಂಡತಿ ಮೂರು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗೇಟಿನ ಬಳಿ ರೊಟ್ಟಿ ಅಂಗಡಿ ತೆರೆದಳು. ಅಂಗಡಿ ಎಂದರೆ ಒಂದು ಮೇಜು, ಒಂದು ಗ್ಯಾಸ್ ಒಲೆ, ಹಂಚು, ಮೇಲೊಂದು ನೀಲಿ ತಾಡಪಾಲು. ಅವಳ ತವರು ರಾಯಚೂರಿನ ಕಡೆ. ಹನ್ನೆರಡು ವರ್ಷದವಳಿದ್ದಾಗಿನಿಂದ ಜೋಳದ ರೊಟ್ಟಿ ಬಡಿದ ಕೈ. ಸಂಜೆ ನಾಲ್ಕರಿಂದ ಏಳರವರೆಗೆ ಆ ಕೈಯ ಸದ್ದು ಕೇಳಿ ಜನ ಬಂದು ನಿಲ್ಲುತ್ತಿದ್ದರು. ಒಂದು ರೊಟ್ಟಿಗೆ ಹದಿನೈದು ರೂಪಾಯಿ. ಜೊತೆಗೆ ಒಂದು ಚಮಚ ಶೇಂಗಾ ಚಟ್ನಿಪುಡಿ ಪುಕ್ಕಟೆ.

ಹದಿನೈದು ಎಂಬ ಆ ಸಂಖ್ಯೆಯಿಂದಲೇ ಎಲ್ಲ ಶುರುವಾದದ್ದು. ಬಂದವರು ಇಪ್ಪತ್ತರ ನೋಟು ಕೊಡುತ್ತಿದ್ದರು. ಇವಳು ಐದು ರೂಪಾಯಿ ಹಿಂದೆ ಕೊಡಬೇಕು. ಐದರ ನಾಣ್ಯ ಎಲ್ಲಿದೆ? ನನಗೂ ಅದೇ ಪ್ರಶ್ನೆ ಬಂತು.

“ನಿಮ್ಮ ಬ್ಯಾಂಕಿನ್ಯಾಗ ಒಂದು ನೂರು ನಾಣ್ಯ ತರ್ರೀ,” ಅಂದಳು.

“ಬ್ಯಾಂಕಿನ್ಯಾಗ ಚಿಲ್ಲರ ಇಲ್ಲ,” ಅಂದೆ. ಬಾಯಿಗೆ ರೂಢಿಯಾಗಿತ್ತು.

“ಬ್ಯಾಂಕಿನ್ಯಾಗ ಇಲ್ಲಂದ್ರ ಮತ್ತೆಲ್ಲಿ ಇರ್ತೈತ್ರೀ? ರೊಕ್ಕ ಹುಟ್ಟೋ ಜಾಗಾನ ಅದು.”

“ಇಪ್ಪತ್ತು ಮಾಡಿಬಿಡು ರೊಟ್ಟಿ. ಊರಾಗ ಎಲ್ಲಾರೂ ಹಂಗ ಮಾಡ್ಯಾರ.”

ಅವಳು ನನ್ನ ಮುಖವನ್ನೇ ನೋಡಿದಳು. “ನಿಮ್ಮ ಸರ್ಕಾರಕ್ಕ ನಾಣ್ಯ ಸಿಗವಲ್ದು ಅಂತ ಆ ಮನೆಗೆಲಸದಾಕಿ ಐದು ರೂಪಾಯಿ ಹೆಚ್ಚಿಗಿ ಕೊಡಬೇಕೇನು? ಆಗಂಗಿಲ್ಲ.”

ಹೀಗಾಗಿ ಅವಳು ನಾಣ್ಯ ಹುಡುಕುತ್ತ ಹೊರಟಳು. ನಮ್ಮ ಗೇಟಿನೆದುರಿನ ಕಿರಾಣಿ ಅಂಗಡಿಯವನ ಬಳಿ ಹೋದಳು. ಆತ ಚಿಲ್ಲರೆಯ ಬದಲು ಚಾಕ್ಲೇಟು ಕೊಡುವುದರಲ್ಲಿ ನಮ್ಮ ಬೀದಿಗೇ ಹೆಸರಾದವನು. ನಾಣ್ಯಗಳೆಲ್ಲ ದೇವರ ಹುಂಡಿಗೆ ಹೋಗುತ್ತವೆ, ಅಲ್ಲಿಂದ ಹೊರಗೆ ಬರುವುದಿಲ್ಲ ಎಂದು ಆತ ಹೇಳಿದ. ಇದನ್ನು ಹೇಳುವಾಗ ತನ್ನ ಗಲ್ಲಾಪೆಟ್ಟಿಗೆಯ ಮುಚ್ಚಳದ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದನಂತೆ. ಔಷಧಿ ಅಂಗಡಿಯವನು ಬಸ್ ಕಂಡಕ್ಟರುಗಳನ್ನು ದೂರಿದ. ಅವನು ಚಿಲ್ಲರೆಯ ಬದಲು ಗಂಟಲು ಕೆರೆತದ ಗುಳಿಗೆ ಕೊಡುತ್ತಿದ್ದ, ಗಂಟಲು ಸರಿಯಿದ್ದವರಿಗೂ. ನಮ್ಮ ಶಾಖೆಯ ಅಟೆಂಡರ್ ಎಲ್ಲರಿಗಿಂತ ಮುಂದೆ ಹೋಗಿದ್ದ. ನಾಚಾರಂನಲ್ಲೇ ಯಾವುದೋ ಕಾರ್ಖಾನೆಯಲ್ಲಿ ನಾಣ್ಯ ಕರಗಿಸಿ ಬ್ಲೇಡ್ ಮಾಡುತ್ತಾರೆ ಎಂದು ನನ್ನ ಕಿವಿಯಲ್ಲಿ ಹೇಳಿದ. ಯಾವ ಕಾರ್ಖಾನೆ ಎಂದರೆ, ಅದನ್ನು ಹೇಳುವ ಹಾಗಿಲ್ಲ ಸಾರ್ ಎಂದ. ಇನ್ನು ನಾವು ಬ್ಯಾಂಕಿನವರು ಹೇಳುತ್ತಿದ್ದದ್ದು, ಜನ ಮನೆಯಲ್ಲಿ ಹುಂಡಿಯಲ್ಲಿ ಕೂಡಿಡುತ್ತಾರೆ ಎಂದು. ತಪ್ಪು ಯಾವಾಗಲೂ ಇನ್ನೊಬ್ಬರದೇ ಎಂಬ ವಿಷಯದಲ್ಲಿ ಮಾತ್ರ ಇಡೀ ಹೈದರಾಬಾದಿಗೆ ಒಂದೇ ಅಭಿಪ್ರಾಯ.

ಇಷ್ಟರಲ್ಲಿ ಅವಳಿಗೆ ಒಂದು ವಿಚಿತ್ರ ಕಂಡಿತು. ಐದರ ನಾಣ್ಯ ಯಾರಿಗೂ ಸಿಗುವುದಿಲ್ಲ, ಸರಿ. ಆದರೆ ಹತ್ತರ ನಾಣ್ಯ ಯಾರೂ ತೆಗೆದುಕೊಳ್ಳುವುದಿಲ್ಲ! ಹತ್ತರ ನಾಣ್ಯದಲ್ಲಿ ಕೆಲವಕ್ಕೆ ಹತ್ತು ಗೆರೆ, ಕೆಲವಕ್ಕೆ ಹದಿನೈದು ಗೆರೆ ಇರುತ್ತವೆ. ಎರಡೂ ಸರ್ಕಾರದ್ದೇ, ಎರಡೂ ಅಸಲಿಯೇ. ಆದರೆ ಒಂದು ಬಗೆಯದು ನಕಲಿ ಎಂದು ಯಾರೋ ಗಾಳಿಮಾತು ಹಬ್ಬಿಸಿದ್ದರು. ಯಾವ ಬಗೆಯದು ಎಂಬುದರಲ್ಲಿ ಒಮ್ಮತವಿಲ್ಲದ್ದರಿಂದ ಜನ ಜಾಣತನದಿಂದ ಎರಡನ್ನೂ ಬಿಟ್ಟರು. ‘ಚೆಲ್ಲದು’ ಎಂದು ತೆಲುಗಿನವರು, ‘ನೈ ಚಲ್ತಾ’ ಎಂದು ಹಿಂದಿಯವರು, ನಡೆಯುವುದಿಲ್ಲವೆಂದು ಕೈ ಅಲ್ಲಾಡಿಸುತ್ತಿದ್ದರು. ಒಂದು ಕಡೆ ಚಿಲ್ಲರೆಯ ಬರ, ಇನ್ನೊಂದು ಕಡೆ ಇದ್ದ ಚಿಲ್ಲರೆಗೆ ಬಹಿಷ್ಕಾರ. ಇದನ್ನು ನಾನು ವರ್ಷಗಟ್ಟಲೆ ಕೌಂಟರಿನ ಹಿಂದೆ ಕುಳಿತು ನೋಡಿದ್ದೆ. ವಿಚಿತ್ರ ಅನಿಸಿರಲಿಲ್ಲ.

ಒಂದು ಸಂಜೆ ಏಳನೇ ಮಹಡಿಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಮೂರು ಹತ್ತರ ನಾಣ್ಯ ಹಿಡಿದುಕೊಂಡು ಬಂದು, ಇವನ್ನು ಯಾರೂ ತೆಗೆದುಕೊಳ್ಳುತ್ತಿಲ್ಲ, ಸಂಬಳದಲ್ಲಿ ಸೇರಿಸಿ ಕೊಟ್ಟುಬಿಟ್ಟರು, ಎರಡು ರೊಟ್ಟಿ ಕೊಡುತ್ತೀಯಾ ಅಮ್ಮಾ ಎಂದು ಕೇಳಿದಳಂತೆ. ನನ್ನ ಹೆಂಡತಿ ತೆಗೆದುಕೊಂಡಳು. ಮರುದಿನ ಒಂದು ರಟ್ಟಿನ ಮೇಲೆ ತೆಲುಗಿನಲ್ಲೂ ಹಿಂದಿಯಲ್ಲೂ ಬರೆಸಿ ತೂಗುಹಾಕಿದಳು: ‘ಇಲ್ಲಿ ಹತ್ತು ರೂಪಾಯಿ ನಾಣ್ಯ ತೆಗೆದುಕೊಳ್ಳಲಾಗುತ್ತದೆ.’

ಆ ಬೋರ್ಡಿಗೆ ಬಂದಷ್ಟು ಗಿರಾಕಿಗಳು ರೊಟ್ಟಿಗೆ ಬಂದಿರಲಿಲ್ಲ. ಮಿಯಾಪುರದ ಯಾವ ಯಾವ ಡಬ್ಬಿಯ ತಳದಲ್ಲಿ, ಯಾವ ಯಾವ ದೇವರ ಫೋಟೋದ ಹಿಂದೆ ಹತ್ತರ ನಾಣ್ಯ ಅಡಗಿತ್ತೋ ಎಲ್ಲ ಹೊರಬಂದವು. ಜೋಳದ ರೊಟ್ಟಿಯನ್ನು ಜನ್ಮದಲ್ಲಿ ತಿಂದಿರದ, ಕಾರಿನಲ್ಲಿ ಓಡಾಡುವ ಜನ ಕೂಡ ಬಂದು ಆರಾರು ರೊಟ್ಟಿ ಕಟ್ಟಿಸಿಕೊಂಡು ಒಂಬತ್ತು ನಾಣ್ಯ ಎಣಿಸಿ ಕೊಟ್ಟು, ಭಾರ ಇಳಿಸಿಕೊಂಡವರ ಹಾಗೆ ಹೋಗುತ್ತಿದ್ದರು. ಕಿರಾಣಿ ಅಂಗಡಿಯವನೂ ಬಂದ. ಹುಂಡಿಗೆ ಹೋಗದೆ ಉಳಿದಿದ್ದ ಅರವತ್ತು ನಾಣ್ಯ ತಂದಿದ್ದ.

ಬಂದವು ಸರಿ, ಹೋಗುವುದು ಎಲ್ಲಿಗೆ? ಹಿಟ್ಟಿನ ಗಿರಣಿಯವನು ಹತ್ತರ ನಾಣ್ಯ ತೆಗೆದುಕೊಳ್ಳಲಿಲ್ಲ. ಗ್ಯಾಸಿನವನು ತೆಗೆದುಕೊಳ್ಳಲಿಲ್ಲ. ಶೇಂಗಾ ಕೊಡುವವನು ನಕ್ಕ. ಮಿಯಾಪುರದ ಒಂದು ಬ್ಯಾಂಕಿಗೆ ಹೋದರೆ, ನಿಮ್ಮ ಖಾತೆ ಎಲ್ಲಿದೆಯೋ ಅಲ್ಲಿಗೆ ಹೋಗಿ ಅಮ್ಮಾ ಎಂದರು. ಅವಳ ಖಾತೆ ನಾಚಾರಂನಲ್ಲಿತ್ತು, ನನ್ನ ಶಾಖೆಯಲ್ಲಿ. ನಾನೇ ತೆರೆಸಿದ್ದು. ಆ ವರ್ಷ ಹೊಸ ಖಾತೆಗಳ ಗುರಿ ಮುಟ್ಟಲು ನನಗೆ ಒಂದು ಕಡಿಮೆ ಬಿದ್ದಿತ್ತು.

“ನಿಮ್ಮ ಕೈಯಾಗ ಕೊಡ್ತೀನಿ, ಒಯ್ದು ಕಟ್ರಿ,” ಅಂದಳು.

ಇಲ್ಲಿ ನಮ್ಮ ಶಾಖೆಯ ಒಂದು ಪದ್ಧತಿಯನ್ನು ಹೇಳಬೇಕು. ಎಲ್ಲ ನಾಣ್ಯಗಳನ್ನೂ ಸ್ವೀಕರಿಸಲಾಗುವುದು ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿತ್ತು. ಏಣಿ ಹತ್ತಿ ಅದನ್ನು ಅಂಟಿಸಿದವನು ನಾನೇ. ಅದರ ಕೆಳಗೆ ಕುಳಿತು ನಾಣ್ಯ ತಂದವರಿಗೆಲ್ಲ ನಾಳೆ ಬನ್ನಿ ಎನ್ನುವವನೂ ನಾನೇ. ಎಣಿಸುವ ಯಂತ್ರ ನೋಟಿಗೆ ಮಾತ್ರ ಇತ್ತು, ನಾಣ್ಯವನ್ನು ಕೈಯಿಂದ ಎಣಿಸಬೇಕು. ಎಣಿಸಿದ್ದನ್ನು ಚೀಲಕ್ಕೆ ತುಂಬಿ ಸ್ಟ್ರಾಂಗ್ ರೂಮಿಗೆ ಹೊರಬೇಕು. ನಾಳೆ ಬನ್ನಿ ಎಂದರೆ ಇವೆಲ್ಲ ತಪ್ಪುತ್ತಿತ್ತು. ನಾಲ್ಕು ಸಲ ನಾಳೆ ಎಂದರೆ ಐದನೇ ಸಲ ಮನುಷ್ಯ ಬರುವುದಿಲ್ಲ. ಅವನ ನಾಣ್ಯ ಮನೆಯ ಡಬ್ಬಿಗೆ ಹೋಗುತ್ತದೆ. ಆಮೇಲೆ ನಾವು, ಜನ ನಾಣ್ಯ ಕೂಡಿಡುತ್ತಾರೆ ಎಂದು ಮೇಲಿನವರಿಗೆ ವರದಿ ಬರೆಯುತ್ತಿದ್ದೆವು.

ಇದನ್ನು ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. “ಬ್ಯಾಂಕಿನ ಮಾತು ಬ್ಯಾಂಕಿನ್ಯಾಗ. ಮನ್ಯಾಗ ಬ್ಯಾಡ,” ಎಂದು ಗಂಭೀರವಾಗಿ ಹೇಳಿ ಪತ್ರಿಕೆ ಎತ್ತಿಕೊಂಡೆ. ಮೂರು ವಾರ ಹೀಗೇ ಸಾಗಿಸಿದೆ. ನಾಲ್ಕನೇ ವಾರ ಅವಳು ಕೇಳುವುದನ್ನು ನಿಲ್ಲಿಸಿದಳು. ನಾನು ಗೆದ್ದೆ ಅಂದುಕೊಂಡೆ.

ಒಂದು ಮಂಗಳವಾರ ಹನ್ನೊಂದು ಗಂಟೆಯ ಸುಮಾರಿಗೆ ನನ್ನ ಕೌಂಟರಿನ ಮುಂದೆ ಎಂಟು ಹತ್ತು ಜನರ ಸಾಲಿತ್ತು. ನಾನು ತಲೆ ತಗ್ಗಿಸಿ ಒಬ್ಬರ ನೋಟುಗಳಿಗೆ ರಬ್ಬರ್ ಹಾಕುತ್ತಿದ್ದೆ. ಕೌಂಟರಿನ ಕಲ್ಲಿನ ಮೇಲೆ ಏನೋ ಧಪ್ಪೆಂದು ಕೂತಿತು. ಸದ್ದಿನಿಂದಲೇ ನಾಣ್ಯವೆಂದು ತಿಳಿಯಿತು. ತಲೆ ಎತ್ತದೆ, “ಕಾಯಿನ್ಸ್ ಈರೋಜು ಕಾದಮ್ಮಾ, ರೇಪು ರಂಡಿ,” ಎಂದೆ. ಇವತ್ತಾಗದು, ನಾಳೆ ಬನ್ನಿ.

“ನಾಳೆ ಬಂದ್ರ ಈ ಕುರ್ಚಿ ಮ್ಯಾಲ ನೀವ ಇರ್ತೀರೋ, ಬ್ಯಾರೇದವ್ರು ಇರ್ತಾರೋ?”

ತಲೆ ಎತ್ತಿದೆ. ಗಾಜಿನ ಆಚೆ ಹೆಂಡತಿ ನಿಂತಿದ್ದಳು. ನೆಟ್ಟಗೆ ಇಸ್ತ್ರಿ ಮಾಡಿದ ಇಳಕಲ್ ಸೀರೆ, ಹಣೆಯ ಮೇಲೆ ಬೆವರು, ಮುಂದೆ ಜೋಳದ ಹಿಟ್ಟಿನ ಖಾಲಿ ಚೀಲದಲ್ಲಿ ಐದು ಕಿಲೋ ನಾಣ್ಯ.

“ನೀನಾ? ಮನ್ಯಾಗ ಹೇಳಬಾರದಾಗಿತ್ತೇನು?” ಎಂದು ಪಿಸುಗುಟ್ಟಿದೆ.

ಅವಳು ಪಿಸುಗುಟ್ಟಲಿಲ್ಲ. “ಮನ್ಯಾಗ ಮೂರು ವಾರ ಹೇಳೀನಿ. ಬ್ಯಾಂಕಿನ ಮಾತು ಬ್ಯಾಂಕಿನ್ಯಾಗ ಅಂದ್ರಿ. ಅದಕ್ಕ ಬ್ಯಾಂಕಿಗೆ ಬಂದೀನಿ. ತಗೋರಿ, ಚಲನ್ ತುಂಬೀನಿ.”

ಚಲನ್ ಚೆನ್ನಾಗಿಯೇ ತುಂಬಿದ್ದಳು. ಹತ್ತರ ನಾಣ್ಯ ಆರುನೂರ ನಲವತ್ತಮೂರು, ಒಟ್ಟು ಆರು ಸಾವಿರದ ನಾಲ್ಕುನೂರ ಮೂವತ್ತು ರೂಪಾಯಿ. ಮನೆಯಿಂದ ಹೊರಟಾಗ ಆರುನೂರ ನಲವತ್ತೇ ಇದ್ದವಂತೆ. ಮಿಯಾಪುರ ಮೆಟ್ರೋದಲ್ಲಿ ಚೀಲವನ್ನು ತಪಾಸಣೆ ಯಂತ್ರದೊಳಗೆ ಬಿಟ್ಟಾಗ ಪರದೆಯ ಮೇಲೆ ಬರೀ ಕಪ್ಪು ಕಂಡು ಭದ್ರತೆಯ ಹೆಂಗಸು ಬಿಚ್ಚಿಸಿದಳಂತೆ. ಬಗ್ಗಿ ನೋಡಿ, “ಇನ್ನಿ ಎಕ್ಕಡ ದೊರಿಕಾಯಮ್ಮಾ?” ಇಷ್ಟೊಂದು ಎಲ್ಲಿ ಸಿಕ್ಕವಮ್ಮಾ ಎಂದು ಕೇಳಿ, ಆಚೀಚೆ ನೋಡಿ, ತನ್ನ ಪರ್ಸಿನಲ್ಲಿ ಸಿಕ್ಕಿಬಿದ್ದಿದ್ದ ಮೂರನ್ನೂ ಹಾಕಿ ಮೂವತ್ತು ರೂಪಾಯಿ ನೋಟಿನಲ್ಲಿ ಇಸಿದುಕೊಂಡಳಂತೆ. ಪ್ರಯಾಣಿಕರ ಸುರಕ್ಷತೆಯ ತಪಾಸಣೆ ಅಲ್ಲಿಗೆ ಮುಗಿಯಿತು.

ನಾನು ಗಾಜಿನ ಕೋಣೆಯ ಕಡೆ ನೋಡಿದೆ. ಮ್ಯಾನೇಜರ್ ಮೇಡಮ್ ಆಗಲೇ ಎದ್ದು ಬರುತ್ತಿದ್ದರು. ಒಳ್ಳೆಯ ಹೆಂಗಸು, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು. ಇವಳು ನನ್ನ ಹೆಂಡತಿ ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗೂ ಬರಲಿಲ್ಲ. ಸಿಬ್ಬಂದಿ ಕಡಿಮೆ ಇದ್ದಾರೆ, ಶನಿವಾರ ನೋಡೋಣ ಎಂದು ಮೇಡಮ್ ಹಿಂದಿಯಲ್ಲಿ ನಯವಾಗಿ ಹೇಳಿದರು.

ನನ್ನ ಹೆಂಡತಿ ಇನ್ನೂ ನಯವಾಗಿ ಕೇಳಿದಳು, “ಮೇಡಮ್, ಯೇ ಪೈಸೇ ಚಲ್ತೇ ಕೀ ನೈ ಚಲ್ತೇ?”

“ಚಲ್ತೇ ಹೈಂ. ಬಿಲ್ಕುಲ್ ಚಲ್ತೇ ಹೈಂ.”

“ತೋ ಲೇಲೇವ್. ನೈ ಲೇತೇ ಬೋಲೇ ತೋ ಕಾಗಜ್ ಪೋ ಲಿಖ್ ಕೇ ದೇವ್. ಮೈಂ ಜಾತೂಂ.”

ಹಾಗಾದರೆ ತೆಗೆದುಕೊಳ್ಳಿ, ಇಲ್ಲವೇ ತೆಗೆದುಕೊಳ್ಳುವುದಿಲ್ಲ ಎಂದು ಕಾಗದದಲ್ಲಿ ಬರೆದುಕೊಡಿ, ಹೋಗುತ್ತೇನೆ. ಬ್ಯಾಂಕಿನಲ್ಲಿ ಎಲ್ಲವನ್ನೂ ಹೇಳಬಹುದು, ಬರೆದುಕೊಡುವುದು ಬೇರೆಯ ವಿಷಯ. ಮೇಡಮ್ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ನನ್ನದೇ ಫಲಕ ನೋಡಿದೆ. ಅಷ್ಟರಲ್ಲಿ ಸಾಲಿನಲ್ಲಿ ಹಿಂದೆ ನಿಂತಿದ್ದ ಲೇತ್ ಮಷೀನಿನ ಯಜಮಾನರೊಬ್ಬರು, ನಾಚಾರಂನಲ್ಲಿ ಮೂವತ್ತು ವರ್ಷದಿಂದ ವರ್ಕ್‌ಶಾಪ್ ಇಟ್ಟವರು, ಪ್ಯಾಂಟಿನ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು, “ನಾವಿ ಕೂಡಾ ಉನ್ನಾಯಿ,” ನನ್ನವೂ ಇವೆ ಎಂದರು. ಅವರನ್ನು ನಾನು ಆರು ಸಲ ನಾಳೆ ಬನ್ನಿ ಎಂದು ಕಳಿಸಿದ್ದೆ.

ಮೇಡಮ್ ತಲೆಯಾಡಿಸಿದರು. ನಾನು ಚೀಲ ಬಿಚ್ಚಿದೆ.

ಹತ್ತು ಹತ್ತರ ಕಂಬ ಮಾಡುತ್ತ ಎಣಿಸಿದೆ. ಐವತ್ತು ನಿಮಿಷ ಹಿಡಿಯಿತು. ಬೆರಳುಗಳು ಕಪ್ಪಾದವು. ಒಂದೊಂದು ನಾಣ್ಯಕ್ಕೂ ಜೋಳದ ಹಿಟ್ಟು ಅಂಟಿಕೊಂಡಿತ್ತು. ಅವಳು ಎದುರಿನ ಬೆಂಚಿನ ಮೇಲೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತಿದ್ದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ನನ್ನ ಕೆಲಸವನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಮೊದಲ ನೋಟದಲ್ಲೇ ಅವಳಿಗೆ ಕೇಳಿದ್ದು ‘ನಾಳೆ ಬನ್ನಿ’. ಎಣಿಸುತ್ತ ಎಣಿಸುತ್ತ ನನಗೆ ನಾಚಿಕೆಯಾಯಿತು. ಇದನ್ನು ವ್ಯಂಗ್ಯವಾಗಿ ಹೇಳಲು ಪ್ರಯತ್ನಿಸಿದೆ, ಆಗಲಿಲ್ಲ. ಆರುನೂರ ನಲವತ್ತಮೂರೇ ಇದ್ದವು, ಒಂದೂ ಹೆಚ್ಚು ಕಡಿಮೆ ಇಲ್ಲ. ಚಲನ್ ಮೇಲೆ ಮುದ್ರೆ ಒತ್ತಿ ಕೊಟ್ಟೆ.

“ಥ್ಯಾಂಕ್ಸ್ ಸಾರ್,” ಎಂದು ಹೇಳಿ ಹೋದಳು. ಸಾರ್ ಎಂದದ್ದು ಇವತ್ತಿಗೂ ಕಿವಿಯಲ್ಲಿದೆ.

ಆ ಬ್ಯಾಂಕಿನಲ್ಲಿ ನಾಣ್ಯ ತೆಗೆದುಕೊಳ್ಳುತ್ತಾರಂತೆ ಎಂಬ ಸುದ್ದಿ ನಾಚಾರಂನಲ್ಲಿ ಹಬ್ಬಲು ಎರಡು ದಿನ ಸಾಕಾಯಿತು. ಹತ್ತರದು, ಐದರದು, ಎರಡರದು, ಎಲ್ಲ ಬಂದವು. ಇಡೀ ಊರಿನಲ್ಲಿ ಇಲ್ಲವೆಂದು ನಾವು ವರದಿ ಬರೆದಿದ್ದ ನಾಣ್ಯಗಳು ಕೊಡದಲ್ಲಿ, ಡಾಲ್ಡಾ ಡಬ್ಬಿಯಲ್ಲಿ, ಹಳೆಯ ಕಾಲುಚೀಲದಲ್ಲಿ ಬಂದವು. ಎರಡು ವಾರದಲ್ಲಿ ಸ್ಟ್ರಾಂಗ್ ರೂಮಿನ ಒಂದು ಮೂಲೆ ತುಂಬಿತು. ಕಾಣೆಯಾದ ನಾಣ್ಯ ಸಿಕ್ಕಿತಲ್ಲ ಎಂದು ನಾನು ಮೂರ್ಖನಂತೆ ಸಂತೋಷಪಟ್ಟೆ. ದುಡ್ಡು ತೆಗೆಯಲು ಬಂದವರಿಗೆ, ನೋಟಿನ ಜೊತೆ ಒಂದು ನೂರು ರೂಪಾಯಿಯಷ್ಟು ನಾಣ್ಯ ಕೊಡಲೇ, ಹತ್ತರದು ಬೇಕೋ ಐದರದು ಬೇಕೋ ಎಂದು ಕೇಳತೊಡಗಿದೆ.

ಯಾರಿಗೂ ಬೇಡವಾಗಿತ್ತು! ಚಿಲ್ಲರೆ ಇಲ್ಲವೆಂದು ಹತ್ತು ವರ್ಷ ನನ್ನೊಡನೆ ಜಗಳವಾಡಿದವರೇ ಈಗ, ನಾಣ್ಯ ತಲೆಗೆ ಕಟ್ಟುತ್ತಾನೆಂದು ಜಗಳವಾಡಿದರು. ಲೇತ್ ಮಷೀನಿನ ಯಜಮಾನರಿಗೆ, “ನಿಮ್ಮ ಕೆಲಸಗಾರರಿಗೆ ಕೊಡಲು ಒಳ್ಳೆಯದಲ್ಲವೇ?” ಎಂದೆ. ಅವರು ಎರಡೂ ಕೈ ಮುಗಿದು, “ಮಳ್ಳೀ ನಾಕೇನಾ ಸಾರ್?” ಮತ್ತೆ ನನಗೇನಾ ಎಂದರು. ಆ ದಿನ ನನಗೆ ತಿಳಿದದ್ದು ಇಷ್ಟೇ: ಹುಂಡಿಯೂ ಅಲ್ಲ, ಬ್ಲೇಡೂ ಅಲ್ಲ. ನಾಣ್ಯ ತನ್ನ ಕೈಯಲ್ಲೇ ಉಳಿದುಬಿಟ್ಟರೆ ಎಂದು ಪ್ರತಿಯೊಬ್ಬನಿಗೂ ಭಯ. ಆ ಭಯಕ್ಕೆ ಕೆಲವರು ತೆಗೆದುಕೊಳ್ಳುವುದಿಲ್ಲ, ಕೆಲವರು ಸಿಕ್ಕದ್ದನ್ನು ಬಿಡುವುದಿಲ್ಲ. ಇಬ್ಬರ ಭಯಕ್ಕೂ ‘ನಾಳೆ ಬನ್ನಿ’ ಎಂದು ಮುದ್ರೆ ಒತ್ತಿಕೊಡುತ್ತಿದ್ದವನು ನಾನು.

ಮೇಲಿನ ಕಚೇರಿಯಿಂದ ಪರಿಶೀಲನೆಗೆ ಬಂದವರು ಸ್ಟ್ರಾಂಗ್ ರೂಮಿನ ಮೂಲೆ ನೋಡಿ, ಇಷ್ಟು ನಾಣ್ಯ ಯಾಕೆ ಸಂಗ್ರಹಿಸಿದ್ದೀರಿ ಎಂದು ಕೇಳಿದರು. ಮೇಡಮ್ ಉತ್ತರ ಬರೆದರು. ಅದರಲ್ಲಿ ನನ್ನ ಹೆಸರನ್ನು ಗೌರವದಿಂದಲೇ ಬರೆದಿದ್ದರು. ಒಂದು ತಿಂಗಳಲ್ಲಿ ಆಡಳಿತದ ಅನುಕೂಲಕ್ಕಾಗಿ ನನ್ನನ್ನು ಶಂಶಾಬಾದಿಗೆ ವರ್ಗ ಮಾಡಿದರು. ಮಿಯಾಪುರದಿಂದ ಶಂಶಾಬಾದಿಗೆ ಹೋಗಿ ಬರುವುದು ಆಡಳಿತಕ್ಕೆ ಎಷ್ಟು ಅನುಕೂಲವಾಯಿತೋ ತಿಳಿಯದು, ನನ್ನ ಸೊಂಟಕ್ಕಂತೂ ಆಗಲಿಲ್ಲ.

ವರ್ಗಾವಣೆಯ ಕಾಗದ ತೋರಿಸಿದಾಗ ಹೆಂಡತಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ಅದನ್ನು ಮಗುಚಿ ಹಾಕಿದಳು.

“ನನ್ನಿಂದ ಆತಲ್ರೀ ಇದು,” ಅಂದಳು ಆಮೇಲೆ.

“ನಿನ್ನಿಂದಲ್ಲ. ನಾ ಮೂವತ್ತು ವರ್ಷದಿಂದ ದಿನಾ ಎಣಿಸಬೇಕಾಗಿತ್ತು, ಒಮ್ಮೆಗೇ ಎಣಿಸೀನಿ. ಅದಕ್ಕ.”

“ಒಂದು ರೊಟ್ಟಿ ತಿನ್ನರಿ, ಬಿಸೇವು ಅದಾವು,” ಅಂದಳು. ಗೇಟಿನ ಬಳಿಯೇ ನಿಂತು ಎರಡು ತಿಂದೆ.

ಅವಳು ಬೋರ್ಡು ತೆಗೆಯಲಿಲ್ಲ. ಆದರೆ ಹೊಸ ಉಪಾಯ ಹುಡುಕಿದಳು. ಗಿರಾಕಿಗಳಿಗೆ ಬಾಕಿ ಕೊಡುವಾಗ ಹತ್ತರ ನಾಣ್ಯವನ್ನೇ ಕೊಡುತ್ತ, “ಎಲ್ಲ್ಯಾರ ತಗೊಳ್ಳಲಿಲ್ಲಂದ್ರ ನನಗ ತಂದ್ ಕೊಡು, ನಾ ತಗೋತೀನಿ,” ಎಂದು ಅವರವರ ಭಾಷೆಯಲ್ಲಿ ಹೇಳತೊಡಗಿದಳು. ಮೊದಮೊದಲು ಎಲ್ಲರೂ ಮರುದಿನವೇ ತಂದುಕೊಟ್ಟರು. ಇವಳು ಮಾತಿಲ್ಲದೆ ತೆಗೆದುಕೊಂಡಳು. ನಿಧಾನಕ್ಕೆ ತರುವವರು ಕಡಿಮೆಯಾದರು. ಹೇಗೂ ರೊಟ್ಟಿಯಮ್ಮ ತೆಗೆದುಕೊಳ್ಳುತ್ತಾಳೆ ಎಂದು ಹೂವಿನವಳು ತೆಗೆದುಕೊಂಡಳು, ಹೂವಿನವಳು ತೆಗೆದುಕೊಳ್ಳುತ್ತಾಳೆ ಎಂದು ತರಕಾರಿಯವನು. ನಮ್ಮ ಹಿಂದಿನ ಗೇಟಿನಿಂದ ಮುಖ್ಯ ರಸ್ತೆಯವರೆಗಿನ ಇನ್ನೂರು ಗಜದಲ್ಲಿ ಹತ್ತರ ನಾಣ್ಯ ಈಗ ಆರಾಮಾಗಿ ಓಡಾಡುತ್ತದೆ. ಮುಖ್ಯ ರಸ್ತೆ ದಾಟಿದರೆ ಮತ್ತೆ ‘ನೈ ಚಲ್ತಾ’.

ಕಳೆದ ತಿಂಗಳು ಅವಳು ತಂಗಿಯ ಮಗಳ ಮದುವೆಗೆಂದು ಮೂರು ದಿನ ರಾಯಚೂರಿಗೆ ಹೋದಳು. ಹೋಗುವ ಮೊದಲು ನೂರು ಖಡಕ್ ರೊಟ್ಟಿ ಮಾಡಿಟ್ಟು, ಸಂಜೆ ಅಂಗಡಿಯಲ್ಲಿ ಕೂತು ಮಾರಿ ಎಂದಳು. ರಜೆ ಹಾಕಿ ಕುಳಿತೆ. ಹೊಸ ಅಂಗಿ ತೊಟ್ಟಿದ್ದೆ, ಮುಂದೆ ಚಿಲ್ಲರೆಯ ಡಬ್ಬಿ ಇತ್ತು, ತಲೆಯ ಮೇಲೆ ಬೋರ್ಡು ಇತ್ತು. ಏಳನೇ ಮಹಡಿಯ ಕೆಲಸದ ಹೆಂಗಸು ಬಂದಳು. ಮುಷ್ಟಿಯಲ್ಲಿ ನಾಣ್ಯವಿತ್ತು. ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ನಿಂತಳು.

“ಅಮ್ಮ ಲೇದಾ?” ಅಂದಳು.

ಊರಿಗೆ ಹೋಗಿದ್ದಾಳೆ, ಎಷ್ಟು ಬೇಕು, ಕೊಡುತ್ತೇನೆ ಎಂದೆ. ನಾಣ್ಯ ತೆಗೆದುಕೊಳ್ಳುತ್ತೇನೆ, ನಾನು ಬ್ಯಾಂಕಿನವನೇ ಎಂದೂ ಸೇರಿಸಿದೆ. ಅದನ್ನು ಸೇರಿಸಬಾರದಿತ್ತು. ಅವಳು ಮುಷ್ಟಿಯನ್ನು ಇನ್ನೂ ಬಿಗಿಮಾಡಿಕೊಂಡಳು.

“ಎಪ್ಪುಡೊಸ್ತುಂದಿ?” ಯಾವಾಗ ಬರುತ್ತಾಳೆ?

“ಗುರುವಾರ.”

“ಗುರುವಾರಂ ವಸ್ತಾ ಸಾರ್,” ಗುರುವಾರ ಬರುತ್ತೇನೆ ಎಂದು ಹೇಳಿ ಹೊರಟುಹೋದಳು. ಆ ಸಂಜೆ ಹನ್ನೊಂದು ರೊಟ್ಟಿ ಮಾರಿದೆ, ಎಲ್ಲವೂ ಫೋನಿನಲ್ಲಿ ದುಡ್ಡು ಕಳಿಸುವವರಿಗೆ. ಉಳಿದವನ್ನು ಡಬ್ಬಿಗೆ ತುಂಬಿ ಮೇಲೆ ಒಯ್ದು, ಮೊಸರು ಹಚ್ಚಿಕೊಂಡು ಒಂದು ತಿಂದೆ. ಚೆನ್ನಾಗಿತ್ತು.